ಹನ್ನೊಂದನೆಯ ಪದ

ಪಿಎಚ್.ಡಿ. ಪ್ರಬಂಧದ ಮೂಲೆಯ ತೂತಿಗೆ ಹೆಡ್ವಿಗ್ ಮೊಳೆ ತೂರಿಸುವ ಹೊತ್ತಿಗೆ ಸರಿಯಾಗಿ ಎಸ್ಕಿಲ್ ಬಂದುಬಿಟ್ಟ. ಕೈಯಲ್ಲಿ ಹಸಿರು ಕೇಕಿನ ಡಬ್ಬಿ, ತಲೆಯ ಮೇಲೆ ಇನ್ನೂ ಕರಗದ ಹಿಮ. ಹೇಗೂ ಬರುವುದಿಲ್ಲ ಎಂದುಕೊಂಡೇ ಅವಳು ಕರೆದಿದ್ದಳು. ಅಲ್ಲಿನ ಪದ್ಧತಿಯಂತೆ ಮೌಖಿಕ ಪರೀಕ್ಷೆಗೆ ಮೂರು ವಾರವಿರುವಾಗ ಪ್ರಬಂಧವನ್ನು ವಿಭಾಗದ ಹಲಗೆಗೆ ಮೊಳೆ ಹೊಡೆದು ತಗುಲಿಸಬೇಕು. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಹೇಳಬಹುದು.

"ಏನೇ ಡಾಕ್ಟರಮ್ಮ, ಸುತ್ತಿಗೆ ಹಿಡಿಯೋಕಾದ್ರೂ ಬರುತ್ತಾ?"

"ಇನ್ನೂ ಎಲ್ಲಿ ಡಾಕ್ಟರ್ ಆದೆ ಮಾರಾಯ?"

"ಅಬ್ಬಾ, ಎಷ್ಟು ದಪ್ಪ ಬರೆದಿದೀಯ! ಕೊಡಿಲ್ಲಿ, ನೋಡೋಣ." ಕೊಡುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು ಇಬ್ಬರೂ ಮೂರು ವರ್ಷ ಒಂದೇ ಲೆಕ್ಕ ಮಾಡಿದ್ದರು. ಒಂದು ಕಣ ಒಡೆದು ಎರಡಾಗುವ ಲೆಕ್ಕ. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವಂತಿಲ್ಲ, ಕೊನೆಗೆ ಉತ್ತರ ತಾಳೆಯಾದರೆ ಮಾತ್ರ ನಂಬುವುದು ಎಂದು ಪ್ರೊಫೆಸರ್ ಟೋರ್‌ಸ್ಟೆನ್ ಅವರ ಕಟ್ಟಪ್ಪಣೆ. ತಾಳೆ ಹಾಕಿದ ದಿನ ಉತ್ತರದ ಹನ್ನೊಂದು ಪದಗಳಲ್ಲಿ ಹತ್ತು ಕೂಡಿಬಂದವು. ಹನ್ನೊಂದನೆಯದು ಇವಳದು ಪ್ಲಸ್, ಅವನದು ಮೈನಸ್. "ಹೆಡ್ವಿಗ್ ಎಡವೋಳಲ್ಲ. ಎಸ್ಕಿಲ್, ನಿಂದು ಇನ್ನೊಂದ್ಸಲ ನೋಡ್ಕೊ," ಎಂದಿದ್ದರು ಟೋರ್‌ಸ್ಟೆನ್. ಎಸ್ಕಿಲ್ ಎಂಟು ತಿಂಗಳು ನೋಡಿಕೊಂಡ. ತಪ್ಪು ಸಿಗಲೇ ಇಲ್ಲ. ಕೊನೆಗೆ ಬೇಸತ್ತು, ಒಂದು ವರ್ಷ ರಜೆ ಬರೆದುಕೊಟ್ಟು, ಮಾಲ್ಮೊದ ಶಾಲೆಯೊಂದಕ್ಕೆ ಗಣಿತದ ಮೇಷ್ಟ್ರಾಗಿ ಹೋದ. ಮೇ ಕೊನೆಗೆ ರಜೆ ಮುಗಿದಾಗ, ಇನ್ನು ವಾಪಸು ಬರುವುದಿಲ್ಲ ಎಂದು ಬರೆದು ಕಳಿಸಿದ.

ಹೆಡ್ವಿಗ್‌ಗೆ ತನ್ನ ತಪ್ಪು ಸಿಕ್ಕಿದ್ದು ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲಿ. ಈ ಲೆಕ್ಕ ಮಾಡುವವರಲ್ಲಿ ಕಾಲಕ್ಕೆ ಪ್ಲಸ್, ದೂರಕ್ಕೆ ಮೈನಸ್ ಹಾಕುವವರು ಒಂದು ಪಂಗಡ. ತಿರುಗಾಮುರುಗಾ ಹಾಕುವವರು ಇನ್ನೊಂದು. ಅವಳು ಮೊದಲ ಪಂಗಡದವಳು. ಹಳೆಯ ಲೇಖನವೊಂದರಿಂದ ಎರಡನೆಯ ಪಂಗಡದವರ ಸೂತ್ರವನ್ನು ಚಿಹ್ನೆ ಬದಲಿಸದೆ ಹಾಗೇ ಎತ್ತಿಕೊಂಡಿದ್ದಳು. ಇನ್ನೊಮ್ಮೆ ನೋಡಿ ಎಸ್ಕಿಲ್‌ಗೆ ಹೇಳೋಣ ಎಂದುಕೊಂಡಳು. ಜೂನ್‌ನಲ್ಲಿ ಟೋರ್‌ಸ್ಟೆನ್‌ಗೆ ಹೇಳಿದಾಗ ಅವರ ಮುಖ ಸಣ್ಣಗಾಯಿತು. "ಅವನಿಗೆ ನೀನೇ ಹೇಳಮ್ಮ," ಎಂದರು. ಅಚ್ಚಾಗಲಿ, ಆಮೇಲೆ ಎಂದುಕೊಂಡಳು. ಪುಟ ತಿದ್ದಿದಳು, ಫೋನು ಮಾತ್ರ ಎತ್ತಲಿಲ್ಲ. ಏಪ್ರಿಲ್‌ನಲ್ಲೇ ಹೇಳಿದ್ದರೆ ಅವನು ಓಡಿ ಬರುತ್ತಿದ್ದ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಡವದವಳು ಎಡವಿದೆ ಎನ್ನಲು ನಾಚಿಕೆ, ಅಷ್ಟೇ. ಥೂ, ಎಂಥ ನಾಚಿಕೆ ಅದು!

ಪುಟ ತಿರುವುತ್ತಿದ್ದ ಎಸ್ಕಿಲ್‌ನ ಬೆರಳು ಹನ್ನೊಂದನೆಯ ಪದದ ಮೇಲೆ ನಿಂತಿತು.

"ಇದು ಮೈನಸ್ ಅಲ್ವೇನೇ?"

"ಹೂಂ. ನಿಂದೇ ಸರಿ ಇತ್ತು. ತಪ್ಪು ನಂದು ಕಣೋ."

"ಯಾವಾಗ ಗೊತ್ತಾಯ್ತು?"

ಸುಳ್ಳು ನಾಲಗೆಯ ತುದಿವರೆಗೂ ಬಂದಿತ್ತು. "ಏಪ್ರಿಲ್‌ನಲ್ಲಿ," ಎಂದಳು.

ಅವನು ಆ ಮೈನಸ್ ಗೆರೆಯ ಮೇಲೆ ಒಮ್ಮೆ ಬೆರಳೆಳೆದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹೊಡಿಯಮ್ಮಾ, ಕಾಫಿ ಆರ್ತಾ ಇದೆ!" ಟೋರ್‌ಸ್ಟೆನ್ ಆಚೆಯ ಮೇಜಿನಿಂದ ಕೂಗಿದರು.

ಎಸ್ಕಿಲ್ ಪ್ರಬಂಧ ಮುಚ್ಚಿ ಹಲಗೆಗೆ ಒತ್ತಿ, ಮೊಳೆಯನ್ನು ತಾನೇ ಎರಡು ಬೆರಳಲ್ಲಿ ಹಿಡಿದುಕೊಂಡ. ಅವಳು ಸುತ್ತಿಗೆ ಎತ್ತಿದಾಗಲೂ ಬೆರಳು ತೆಗೆಯಲಿಲ್ಲ. ಮೂರು ಏಟು. ನೆರೆದಿದ್ದ ವಿಭಾಗದವರೆಲ್ಲ ಚಪ್ಪಾಳೆ ತಟ್ಟಿದರು.

"ಪುಸ್ತಕದ ಉತ್ತರಕ್ಕೆ ತಾಳೆ ಆಗ್ತಿಲ್ಲ ಸಾರ್ ಅಂತ ಮಕ್ಕಳು ಅಳ್ತಾ ಬರ್ತಾವೆ ಕಣೇ," ಎಂದ ಎಸ್ಕಿಲ್, ಮೆಲ್ಲಗೆ. "ನಿಂದೇ ಎಲ್ಲೋ ತಪ್ಪಿರುತ್ತೆ, ಸರಿಯಾಗಿ ಹುಡುಕು ಅಂತ ದಿನಾ ವಾಪಸ್ ಕಳಿಸ್ತಾ ಇದೀನಿ."