ಜೋಡಿಹಕ್ಕಿಯ ಪಾಲು

ಅಚ್ಚಾಗಿ ಬಂದ ಹಕ್ಕಿಚಿತ್ರಗಳಿಗೆ ಕೈಯಲ್ಲಿ ಬಣ್ಣ ತುಂಬುವ ಆ ಮನೆಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಗಂಡು ಹಕ್ಕಿಗಳು ವೆಂಕೋಬನಿಗೆ, ಹೆಣ್ಣು ಹಕ್ಕಿಗಳು ಅಂಬುಜಳಿಗೆ. ನವಿಲಿನ ನೀಲಿ, ಮರಕುಟುಕನ ಜುಟ್ಟಿನ ಕೆಂಪು ಎಲ್ಲವೂ ಅವನ ಕುಂಚಕ್ಕೆ. ಅವಳಿಗೆ ವರ್ಷಗಳಿಂದ ಬರೀ ಕಂದು, ಬೂದಿ, ಮತ್ತೆ ಕಂದು. ಉಗುರಿನ ಸಂದಿಯಲ್ಲೂ ಅದೇ ಕೂತುಬಿಟ್ಟಿತ್ತು.

ಹೊಸ ಜೋಡಿಹಕ್ಕಿಯ ಅಚ್ಚು ಬಂದಿದೆ ಎಂದು ತಿಳಿದ ಬೆಳಿಗ್ಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೀದಾ ಹೋಗಿ ಯಜಮಾನರ ಮುಂದೆ ನಿಂತಳು.

“ರಾಯರೇ, ಈ ಸಲ ಗಂಡು ನನಗೆ ಕೊಡಿ.”

“ಕೈ ನಡುಗಿದರೆ ಹಾಳೆ ಕೆಡುತ್ತೆ ಕಣಮ್ಮ.”

“ನನ್ನ ಕೈ ನಡುಗಿದ್ದನ್ನು ಯಾವತ್ತಾದರೂ ನೋಡಿದ್ದೀರಾ? ಕೊಡದಿದ್ದರೆ ನಾಳೆಯಿಂದ ನಾನು ಬರೋದಿಲ್ಲ.”

ವೆಂಕೋಬ ನಕ್ಕ. “ಕೊಟ್ಟುಬಿಡಿ ರಾಯರೇ. ನಾನೂ ಒಂದು ಸಲ ಹೆಂಗಸರ ಕೆಲಸ ಮಾಡಿ ಆರಾಮಾಗಿರ್ತೀನಿ.”

“ಆಯಿತು. ಆದರೆ ಅಷ್ಟೂ ಪ್ರತಿ ಮುಗಿಯೋವರೆಗೆ, ಬದಲಾಯಿಸಿ ಅಂತ ಬರಬಾರದು.”

“ಬಂದರೆ ಕೇಳಿ!” ಎಂದಳು ಅವಳು.

ಅಂಬುಜ ಹೊಸ ಕುಂಚ ನೆನೆಸಿದಳು. ಬಟ್ಟಲಲ್ಲಿ ಕೆಂಪು ಕಲಸಿಟ್ಟಳು. ನೋಡಿ ಬಣ್ಣ ತುಂಬಬೇಕಾದ ಮಾದರಿಯ ಚಿತ್ರವನ್ನು ರಾಯರು ಬಿಚ್ಚಿ ಇಬ್ಬರ ನಡುವೆ ಹರಡಿದರು.

“ಇದು ಕೆಸರುಗದ್ದೆಯ ಹಕ್ಕಿ,” ಎಂದರು. “ಈ ಜಾತಿಯಲ್ಲಿ ಬಣ್ಣವೆಲ್ಲ ಹೆಣ್ಣಿಗೆ. ಮೊಟ್ಟೆಯ ಮೇಲೆ ಕೂತಿದೆಯಲ್ಲ ಕಂದು ಹಕ್ಕಿ, ಅದು ಗಂಡು.”