ಮುಂದಿನ ಸೀಟು

ಬಿಸಿಲಿಗೆ ಕಾದ ಹಳೇ ರೆಕ್ಸಿನ್ ವಾಸನೆ ಮೂಗಿಗೆ ಬಡಿದರೆ, ಯಾರ ಕಾರಾದರೂ ಸರಿ, ನನ್ನ ಕೈ ಇವತ್ತಿಗೂ ಹಿಂದಿನ ಬಾಗಿಲಿಗೇ ಹೋಗುತ್ತದೆ.

ನಂಜನಗೂಡಿನ ನಮ್ಮ ತಾತ ಮದುವೆಗಳಲ್ಲಿ ನಾಗಸ್ವರ ನುಡಿಸುತ್ತಿದ್ದರು. ಅವರ ಅಂಬಾಸಿಡರ್ ಕಾರಿನ ಮುಂದಿನ ಸೀಟು ವಾದ್ಯಕ್ಕೇ ಮೀಸಲು. ಡೋಲಿನವರು, ಅಜ್ಜಿ, ನಾನು, ಎಲ್ಲರೂ ಹಿಂದೆ. "ಅದು ದೇವ್ರು ಕೂರೋ ಜಾಗ ಕಣವ್ವ, ಕಾಲು ತಾಕಿಸ್ಬೇಡ" ಎನ್ನುತ್ತಿದ್ದರು ತಾತ.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ಅವರ ಬಾಯಿ ಒಂದು ಕಡೆಗೆ ವಾಲಿತು. ಕಾಫಿ ಕುಡಿದರೂ ತುಟಿಯಂಚಿನಿಂದ ಸೋರುತ್ತಿತ್ತು. ಒಂದು ಮಧ್ಯಾಹ್ನ ವಾದ್ಯವನ್ನು ಮುಂದೆ, ನನ್ನನ್ನು ಹಿಂದೆ ಕೂರಿಸಿಕೊಂಡು ಟಿ. ನರಸೀಪುರದ ಶಿಷ್ಯನ ಮನೆಗೆ ಹೋದರು. ವಾದ್ಯವನ್ನು ಅವನ ಕೈಗಿಟ್ಟು, "ಸುಮ್ನೆ ಮೂಲೇಲಿ ಮಲಗಿಸ್ಬೇಡ ಕಣಪ್ಪ, ದಿನಾ ಊದು" ಎಂದರು. ಅವನು ತಾತನ ಕಾಲು ಬಿಟ್ಟು ಏಳಲೇ ಇಲ್ಲ.

ಹೊರಡುವಾಗ ನಾನು ಹಿಂದಿನ ಬಾಗಿಲು ತೆಗೆದೆ. "ಮುಂದೆ ಬಾರವ್ವ" ಎಂದರು ತಾತ. ವಾದ್ಯ ಒತ್ತಿ ಒತ್ತಿ ಸೀಟಿನಲ್ಲಿ ಉದ್ದಕ್ಕೆ ಹಳ್ಳ ಬಿದ್ದಿತ್ತು. ಅದರಲ್ಲಿ ಕೂತು ನಾನು ಹಿಗ್ಗಿಹೋದೆ; ದಾರಿಯುದ್ದಕ್ಕೂ ಕಂಡವರಿಗೆಲ್ಲ ಕೈ ಬೀಸಿದೆ. ಟೀ ಅಂಗಡಿಯಿಂದ ಯಾರೋ ಕೂಗಿದರು: "ಯಾವೂರಲ್ಲಿ ಮದ್ವೆ ಸಾ?" ತಾತ ಹಾರನ್ ಒತ್ತಿದರು, ಅಷ್ಟೇ.

ಮನೆ ಮುಂದೆ ಕಾರು ನಿಂತಾಗ ಅಜ್ಜಿ ಎಂದಿನಂತೆ ವಾದ್ಯ ಇಳಿಸಿಕೊಳ್ಳಲು ಬಂದು, ಮುಂದಿನ ಬಾಗಿಲು ತೆಗೆದು ಎರಡೂ ಕೈ ಚಾಚಿದರು. ಅಲ್ಲಿ ನಾನಿದ್ದೆ. ಅಜ್ಜಿ ತಾತನ ಮುಖ ನೋಡಿದರು. ಆಮೇಲೆ ಚಾಚಿದ ಕೈಗಳಲ್ಲೇ ನನ್ನನ್ನು ಮೆಲ್ಲಗೆ ಎತ್ತಿ ಇಳಿಸಿದರು, ಕಾಲು ಸೀಟಿಗೆ ತಾಕದ ಹಾಗೆ.