ಜಗಲಿಗೆ ಪಾಯಿಂಟಿಲ್ಲ

"ನಮ್ಮ ವಾರದಲ್ಲಿ ಯಾರ್ದಲಾ ಇದು ಚಡ್ಡಿ ಒಣಗ್ತಾ ಇರೋದು?"

ಬೋರನಕಣಿವೆ ಜಲಾಶಯದ ದಂಡೆಯ ಪಾಲುಮನೆಯ ಮುಂದೆ ಬ್ಯಾಗು ಇಳಿಸಿ ನೊಣವಿನಕೆರೆಯ ಮಲ್ಲಿಕಾರ್ಜುನಯ್ಯ ಕೂಗಿದರು. ಹಿಂದೆ ಹೆಂಡತಿ ವಿಮಲಮ್ಮ, ಕಂಕುಳಲ್ಲಿ ಚಾಪೆ. ಒಳಗಿನಿಂದ ಟವೆಲು ಸುತ್ತಿಕೊಂಡು ಹೊರಬಂದವನು ತಿಪಟೂರಿನ ಕೊಬ್ಬರಿ ವ್ಯಾಪಾರಿ ರೇಣುಕಪ್ರಸಾದ್.

"ನಂದೇ ಕಣಣ್ಣ. ಪಾಯಿಂಟಲ್ಲಿ ಬುಕ್ ಮಾಡಿವ್ನಿ."

ಆ ಮನೆಗೆ ಹದಿನೆಂಟು ಪಾಲುದಾರರು. ಮೊದಲು ಸೇರಿದವರಿಗೆ ವರ್ಷಕ್ಕೊಂದು ಕಾಯಂ ವಾರ. ಆಮೇಲೆ ಸೇರಿದವರಿಗೆ ವಾರದ ಬದಲು ಪಾಯಿಂಟು. ಮನೆ ಖಾಲಿಯಿದ್ದ ದಿನ ನೋಡಿ, ಪಾಯಿಂಟು ಕೊಟ್ಟು ಫೋನಿನಲ್ಲೇ ಹಿಡಿದುಕೊಳ್ಳಬಹುದು. ವಾರದವರು ತಿಂಗಳು ಮುಂಚೆ ಬರುತ್ತೇವೆಂದು ತಿಳಿಸದಿದ್ದರೆ ಅವರ ವಾರವೂ ಖಾಲಿಯೇ. ಮಲ್ಲಿಕಾರ್ಜುನಯ್ಯನವರದು ದೀಪಾವಳಿಗೆ ಮುಂಚಿನ ವಾರ. ಎಂಟು ವರ್ಷ ತಪ್ಪದೆ ಬಂದರು, ಎಂಟು ವರ್ಷವೂ ಜಲಾಶಯದ ತಳ ಕಾಣುತ್ತಿತ್ತು. ಒಮ್ಮೆ ಕಪ್ಪೆಯೊಂದು ಬಾಗಿಲು ತಟ್ಟಿ ಕುಡಿಯಲು ನೀರು ಕೇಳಿತೆಂದು ಅವರು ಈಗಲೂ ಹೇಳುತ್ತಾರೆ. ವಿಮಲಮ್ಮ ಅದನ್ನು ಅಲ್ಲಗಳೆಯುವುದಿಲ್ಲ. ಎರಡು ಕಪ್ಪೆ ಎಂದು ತಿದ್ದುತ್ತಾರೆ. ಈ ಸಲ ಅದೇ ವಾರದಲ್ಲಿ ನೀರು ತುಂಬಿ ಕೋಡಿ ಬಿದ್ದಿತ್ತು. ಅದನ್ನು ಕೂತು ನೋಡಬೇಕೆಂಬುದು ವಿಮಲಮ್ಮನ ಎಂಟು ವರ್ಷದ ಆಸೆ.

"ಬತ್ತೀವಿ ಅಂತ ಫೋನಲ್ಲಿ ಒಂದ್ಸಲ ಒತ್ತಿದ್ರೆ ಆಗೋದಣ್ಣ," ಎಂದ ರೇಣುಕಪ್ರಸಾದ್.

"ನಮ್ಮ ವಾರಕ್ಕೆ ನಾವು ಬರೋಕೆ ಯಾರನ್ನ ಕೇಳ್ಬೇಕ್ಲಾ? ಭಾನುವಾರ ನಿನ್ನ ಕೇಳ್ಕೊಂಡ್ ಬತ್ತದಾ? ಒಣಗಿದ್ದಾಗ ಮನೆ ಕಾಯೋಕೆ ವಾರದೋರು, ನೀರು ಬಂದಾಗ ಮಜಾ ಮಾಡೋಕೆ ಪಾಯಿಂಟ್ನೋರು. ಯಾವ ಸೀಮೆ ನ್ಯಾಯ ಇದು?"

"ನ್ಯಾಯ ನಂಗೊತ್ತಿಲ್ಲ ಕಣಣ್ಣ. ಬುಕಿಂಗ್ ಐತೆ." ಅವನು ಫೋನು ತೆಗೆದು ಓದಿದ. "ಎರಡು ರೂಮು, ನಡುಮನೆ, ಅಡ್ಗೆಮನೆ, ಬಚ್ಚಲು. ಶನಿವಾರದ ಗಂಟ ಎಲ್ಲಾ ನಂದೇ."

"ಜಗ್ಲಿ?" ಎಂದರು ವಿಮಲಮ್ಮ. ಅವರು ಬಾಯಿ ಬಿಟ್ಟಿದ್ದು ಅದೇ ಮೊದಲು.

ರೇಣುಕಪ್ರಸಾದ್ ಫೋನನ್ನು ಮೇಲಕ್ಕೆ ತಳ್ಳಿದ, ಕೆಳಕ್ಕೆ ತಳ್ಳಿದ. ಜಗಲಿ ಎಲ್ಲೂ ಇರಲಿಲ್ಲ. "ಜಗ್ಲಿಗ್ಯಾವ ಬುಕಿಂಗಕ್ಕ? ದಾರೀಲಿ ಹೋಗೋರೂ ಕೂತ್ಕೋತಾರೆ. ಏಳು ಅನ್ನೋಕಾಯ್ತದಾ?"

"ಅಷ್ಟೇ ಕಣಪ್ಪ ಕೇಳಿದ್ದು."

ವಿಮಲಮ್ಮ ಜಗಲಿಯ ಮೇಲೆ ಚಾಪೆ ಹಾಸಿದರು. ಒಂದು ತುದಿಯನ್ನು ಮಾತ್ರ ಸುತ್ತಿದಂತೆಯೇ ಬಿಟ್ಟರು. ಇಬ್ಬರೂ ನೀರಿಗೆ ಮುಖ ಮಾಡಿ ಕೂತು ಚಕ್ಕುಲಿ ಡಬ್ಬ ತೆರೆದರು. ಎದುರಿಗೆ ಕೋಡಿ ಹಾಲು ಉಕ್ಕಿದಂತೆ ಧುಮುಕುತ್ತಿತ್ತು.

ಒಳಗೆ ಹೋದ ರೇಣುಕಪ್ರಸಾದ್‌ಗೆ ಆಗ ನೆನಪಾಯಿತು. ನೀರು ನೋಡಲೆಂದೇ ಕಟ್ಟಿದ ಮನೆಯದು. ಆದರೆ ಸೊಳ್ಳೆ ಬರುತ್ತವೆಂದು ನೀರಿನ ಕಡೆಗೆ ಒಂದು ಕಿಟಕಿಯನ್ನೂ ಇಟ್ಟಿರಲಿಲ್ಲ. ಆಮೇಲೆ ಇಡಿಸೋಣವೆಂಬ ಮಾತು ಬಂದಾಗಲೂ, ಅವನೂ ಸೇರಿ ಹದಿನೆಂಟು ಜನರೂ ಕೈಯೆತ್ತಿ ಬೇಡವೆಂದಿದ್ದರು. ಎಲ್ಲ ಕಿಟಕಿಗಳೂ ಹಿಂದಿನ ತೆಂಗಿನ ತೋಟಕ್ಕೆ ತೆರೆಯುತ್ತಿದ್ದವು. ಅಂಥ ಮರ ಅವನಿಗೆ ಊರಿನಲ್ಲೇ ನಾನೂರು ಇದ್ದವು. ಇನ್ನು ಉಳಿದದ್ದು ಬಾಗಿಲು. ಅದರ ತುಂಬ ಮಲ್ಲಿಕಾರ್ಜುನಯ್ಯನವರ ಬೆನ್ನು.

ಅರ್ಧ ಗಂಟೆ ಅವನು ಕೋಡಿಯ ಸದ್ದು ಕೇಳುತ್ತ ತೆಂಗಿನ ಮರ ನೋಡಿದ. ಆಮೇಲೆ ಮೂರು ಲೋಟ ಕಾಫಿ ಹಿಡಿದು ಹೊಸ್ತಿಲಿಗೆ ಬಂದ.

"ಅಣ್ಣ, ಒಸಿ ಜರುಗ್ತೀರಾ?"

ಮಲ್ಲಿಕಾರ್ಜುನಯ್ಯ ಹೆಂಡತಿಯ ಮುಖ ನೋಡಿದರು. ಆಕೆ ಕೋಡಿಯಿಂದ ಕಣ್ಣು ತೆಗೆಯಲಿಲ್ಲ.

"ಒಂದು ತಿಂಗ್ಳು ಮುಂಚೆ ಹೇಳ್ಬೇಕಿತ್ತು ಕಣಪ್ಪ," ಎನ್ನುತ್ತ ವಿಮಲಮ್ಮ ಒಂದು ಕೈಯಲ್ಲಿ ಕಾಫಿ ಇಸಿದುಕೊಂಡು, ಇನ್ನೊಂದು ಕೈಯಲ್ಲಿ ಚಾಪೆಯ ಸುತ್ತಿದ ತುದಿಯನ್ನು ಬಿಡಿಸಿದರು.